ಮಾಲು ಗೋಡೌನ್ ಬಿಡುವ ಮುಂಚೆ: ರಫ್ತು, ಆಮದಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಕಸ್ಟಮ್ಸ್ ಕ್ಲಿಯರಿಂಗ್ ಕೆಲಸದಲ್ಲಿ ನಾನು ಹಲವು ವರ್ಷ ಕಾಗದಪತ್ರ ನೋಡಿಕೊಂಡಿದ್ದೆ. ಶಿಪ್ಪಿಂಗ್ ಬಿಲ್, ಇನ್‌ವಾಯ್ಸ್, ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್) ಇವುಗಳ ಮಧ್ಯೆಯೇ ದಿನ ಕಳೆಯುತ್ತಿತ್ತು. ಈಗಲೂ ಫೋನು ಬರುತ್ತದೆ, ಪತ್ರ ಬರುತ್ತದೆ, ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲೂ ಜನ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವರ ಮಾತಿನಲ್ಲೇ ಬರೆದು, ನನಗೆ ಗೊತ್ತಿರುವ ಉತ್ತರ ಕೊಟ್ಟಿದ್ದೇನೆ. ನಾನು ಕಣ್ಣಾರೆ ಕಂಡ ನಷ್ಟಗಳಲ್ಲಿ ಬಹುಪಾಲು ಸಮುದ್ರದಲ್ಲಿ ಆಗಿದ್ದಲ್ಲ. ಮಾಲು ಇನ್ನೂ ನಮ್ಮ ಗೋಡೌನ್‌ನಲ್ಲಿ ಇದ್ದಾಗಲೇ, ಓದದೆ ಸಹಿ ಹಾಕಿದ ಕಾಗದದಲ್ಲಿ ಆಗಿದ್ದು. ಅದಕ್ಕೇ ಈ ಉತ್ತರಗಳಲ್ಲಿ ಹೊರಡುವ ಮುಂಚಿನ ಮಾತೇ ಜಾಸ್ತಿ.

## ಈಗಷ್ಟೇ ಶುರು ಮಾಡುವವರಿಗೆ

ಅಕ್ಕಾ, ರಫ್ತು ಲೈಸೆನ್ಸ್ ತಗೊಳ್ಳೋಕೆ ಎಷ್ಟು ಆಫೀಸ್ ಸುತ್ತಬೇಕು?

ಬಹುಪಾಲು ಮಾಲಿಗೆ ಲೈಸೆನ್ಸ್ ಅಂತ ಪ್ರತ್ಯೇಕವಾಗಿ ಏನೂ ಇಲ್ಲ. ಬೇಕಾಗುವುದು ಐಇಸಿ, ಅಂದರೆ ಆಮದು ರಫ್ತುದಾರರ ಕೋಡ್. ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ವೆಬ್‌ಸೈಟಿನಲ್ಲಿ 500 ರೂಪಾಯಿ ಕಟ್ಟಿ ಮನೆಯಿಂದಲೇ ಪಡೆಯಬಹುದು. ನಿಮ್ಮ ಪಾನ್ ನಂಬರೇ ಐಇಸಿ ನಂಬರ್ ಆಗುತ್ತದೆ. ಆದರೆ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರಗಳನ್ನು ಖಚಿತಪಡಿಸಬೇಕು. ಏನೂ ಬದಲಾಗದಿದ್ದರೂ ಖಚಿತಪಡಿಸಲೇಬೇಕು. ಮರೆತರೆ ಕೋಡ್ ನಿಷ್ಕ್ರಿಯವಾಗುತ್ತದೆ. ಅದು ಗೊತ್ತಾಗುವುದು ಲಾರಿ ಬಂದರಿನ ಗೇಟಿನಲ್ಲಿ ನಿಂತಾಗ.

ಆಮೇಲೆ ರಫ್ತಿನ ಹಣ ಯಾವ ಬ್ಯಾಂಕಿಗೆ ಬರುತ್ತದೆ ಅಂತ ತೋರಿಸುವ ಎಡಿ ಕೋಡನ್ನು ಬ್ಯಾಂಕಿನಿಂದ ಪಡೆದು, ಮಾಲು ಹೋಗುವ ಬಂದರಿನ ಹೆಸರಿಗೆ ನೋಂದಾಯಿಸಿ. ಜಿಎಸ್‌ಟಿಯಲ್ಲಿ ಎಲ್‌ಯುಟಿ ಅನ್ನುವ ಮುಚ್ಚಳಿಕೆ ಪತ್ರ ಕೊಟ್ಟರೆ ತೆರಿಗೆ ಕಟ್ಟದೆಯೇ ರಫ್ತು ಮಾಡಬಹುದು. ಎಲ್‌ಯುಟಿ ಒಂದು ಹಣಕಾಸು ವರ್ಷಕ್ಕೆ ಮಾತ್ರ. ಮಾರ್ಚ್ ಮುಗಿದ ಕೂಡಲೇ ಹೊಸದು ಬೇಕು. ಇನ್ನು ಕಾಫಿಗೆ ಕಾಫಿ ಬೋರ್ಡ್, ಮೆಣಸು ಏಲಕ್ಕಿಗೆ ಸ್ಪೈಸಸ್ ಬೋರ್ಡ್, ಹಣ್ಣು ತರಕಾರಿಗೆ ಅಪೆಡಾ (ಕೃಷಿ ಉತ್ಪನ್ನಗಳ ರಫ್ತು ಪ್ರಾಧಿಕಾರ), ಹೀಗೆ ಆಯಾ ಮಾಲಿನ ಮಂಡಳಿಯಲ್ಲಿ ನೋಂದಣಿ ಆಗಬೇಕು. ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರ ಇದೆ. ಹೊಸಬರು ಒಮ್ಮೆ ಅಲ್ಲಿಗೆ ಹೋಗಿ ಮಾತಾಡಿ.

ಒಂದು ಕಂಟೇನರ್ ತುಂಬೋಷ್ಟು ಮಾಲು ನಮ್ಮ ಹತ್ರ ಇಲ್ಲ. ಹಾಗಾದ್ರೆ ನಮ್ಮಂಥವರಿಗೆ ರಫ್ತು ಆಗೋದಿಲ್ವಾ?

ಆಗುತ್ತದೆ. ಹಲವರ ಮಾಲನ್ನು ಒಂದೇ ಕಂಟೇನರಿಗೆ ಸೇರಿಸಿ ಕಳಿಸುವ ವ್ಯವಸ್ಥೆ ಇದೆ. ಎಲ್‌ಸಿಎಲ್ ಅನ್ನುತ್ತಾರೆ. ಪಕ್ಕದ ಪೆಟ್ಟಿಗೆಯವರ ಕಾಗದ ತಪ್ಪಾದರೆ ನಿಮ್ಮ ಮಾಲೂ ನಿಲ್ಲಬಹುದು ಅನ್ನುವುದು ನೆನಪಿರಲಿ. ಇನ್ನೂ ಚಿಕ್ಕ ಪ್ರಮಾಣಕ್ಕೆ ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳಿವೆ. ಸೀರೆ, ಕಸೂತಿ, ಕರಕುಶಲ ವಸ್ತುಗಳಿಗೆ ಅದು ನಿಜಕ್ಕೂ ಒಳ್ಳೆಯ ದಾರಿ.

ಯಾರೋ ವಿದೇಶದಿಂದ ಮೇಲ್ ಮಾಡಿದ್ದಾರೆ. ದೊಡ್ಡ ಆರ್ಡರ್, ಬೆಲೆ ಚೌಕಾಸಿನೂ ಮಾಡ್ಲಿಲ್ಲ. ನಂಬಬಹುದಾ?

ಚೌಕಾಸಿ ಮಾಡಲಿಲ್ಲ ಅನ್ನುವುದೇ ಮೊದಲ ಎಚ್ಚರಿಕೆ. ನಿಜವಾದ ಖರೀದಿದಾರ ಬೆಲೆ ಕೇಳುವ ಮುಂಚೆ ಮಾಲಿನ ಬಗ್ಗೆ ನೂರು ಪ್ರಶ್ನೆ ಕೇಳುತ್ತಾನೆ. "ನಮ್ಮ ದೇಶದಲ್ಲಿ ನೋಂದಣಿ ಶುಲ್ಕ ಕಟ್ಟಿ, ಆಮೇಲೆ ಆರ್ಡರ್" ಅಂದರೆ ಅಲ್ಲಿಗೇ ಬಿಟ್ಟುಬಿಡಿ.

ಇನ್ನೊಂದು ಮೋಸ ಹಳೆಯ ಗಿರಾಕಿಗಳ ಹೆಸರಿನಲ್ಲೇ ಬರುತ್ತದೆ. ಮೇಲ್ ಕದ್ದು ಓದುವವರು ಸರಿಯಾಗಿ ಹಣ ಕಳಿಸುವ ಹೊತ್ತಿಗೆ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಅಂತ ಬರೆಯುತ್ತಾರೆ. ವಿಳಾಸದಲ್ಲಿ ಒಂದೇ ಒಂದು ಅಕ್ಷರ ವ್ಯತ್ಯಾಸ ಇರುತ್ತದೆ. ಖಾತೆ ಬದಲಾದ ಸುದ್ದಿ ಬಂದರೆ, ಮೇಲ್‌ನಲ್ಲಿ ಕೊಟ್ಟ ನಂಬರಿಗೆ ಅಲ್ಲ, ನಿಮ್ಮ ಹಳೆಯ ಪುಸ್ತಕದಲ್ಲಿ ಇರುವ ನಂಬರಿಗೆ ಫೋನ್ ಮಾಡಿ ಕೇಳಿ. ಆಮದುದಾರರೂ ಅಷ್ಟೇ.

## ಬೆಲೆ ಮತ್ತು ದುಡ್ಡು

ಎಫ್‌ಒಬಿ, ಸಿಐಎಫ್ ಅಂತಾರಲ್ಲ, ನಮಗೆ ಯಾವುದು ಒಳ್ಳೇದು?

ಇವು ಇನ್‌ಕೋಟರ್ಮ್ಸ್, ಅಂದರೆ ಜಗತ್ತಿನ ವ್ಯಾಪಾರಿಗಳು ಒಪ್ಪಂದದಲ್ಲಿ ಬರೆಯುವ ಷರತ್ತಿನ ಸಂಕೇತಗಳು. 2020ರ ಆವೃತ್ತಿಯಲ್ಲಿ ಒಟ್ಟು 11 ಇವೆ. ಖರ್ಚು ಯಾರದು, ಮಾಲಿಗೆ ಹಾನಿಯಾದರೆ ಹೊಣೆ ಯಾರದು, ಆ ಹೊಣೆ ಯಾವ ಜಾಗದಲ್ಲಿ ಕೈ ಬದಲಾಗುತ್ತದೆ, ಇಷ್ಟನ್ನು ಹೇಳುತ್ತವೆ. ಖರ್ಚಿನ ಲೆಕ್ಕ ಎಲ್ಲರೂ ನೋಡುತ್ತಾರೆ. ಹೊಣೆಯ ಲೆಕ್ಕ ನೋಡುವವರು ಕಡಿಮೆ.

ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೋದಿಂದ ಮಾಲು ಕಳಿಸುವವರು "ಎಫ್‌ಒಬಿ ಚೆನ್ನೈ" ಅಂತ ಅಭ್ಯಾಸದಿಂದ ಬರೆಯುತ್ತಾರೆ. ವೈಟ್‌ಫೀಲ್ಡಿನಲ್ಲಿ ಕಂಟೇನರ್ ಒಪ್ಪಿಸಿದ ಮೇಲೆ ಅದು ನಿಮ್ಮ ಕೈಯಲ್ಲಿ ಇಲ್ಲ. ಆದರೆ ಎಫ್‌ಒಬಿ ಪ್ರಕಾರ ಚೆನ್ನೈನಲ್ಲಿ ಹಡಗಿನ ಮೇಲೆ ಏರುವ ತನಕ ಹೊಣೆ ನಿಮ್ಮದೇ. ನಡುವೆ ರೈಲು ಇದೆ, ಯಾರ್ಡ್ ಇದೆ, ಮಳೆ ಇದೆ. ಕಂಟೇನರ್ ಮಾಲಿಗೆ ಎಫ್‌ಸಿಎ ಹೆಚ್ಚು ಸರಿ. ಸಾಗಣೆದಾರನಿಗೆ ಒಪ್ಪಿಸಿದ ಜಾಗದಲ್ಲೇ ಹೊಣೆ ಮುಗಿಯುತ್ತದೆ. ಖರೀದಿದಾರ ಎಫ್‌ಒಬಿಯೇ ಬೇಕು ಅಂದರೆ, ಗೋಡೌನಿನಿಂದ ಹಡಗಿನವರೆಗೆ ವಿಮೆ ಮಾಡಿಸಿ.

ಸಿಐಎಫ್‌ನಲ್ಲೂ ಒಂದು ತಪ್ಪು ತಿಳುವಳಿಕೆ ಇದೆ. ಅಲ್ಲಿಯ ಬಂದರಿನವರೆಗೆ ಬಾಡಿಗೆ, ವಿಮೆ ನೀವು ಕಟ್ಟುತ್ತೀರಿ. ಹೊಣೆ ಮಾತ್ರ ಇಲ್ಲಿ ಹಡಗು ಹತ್ತಿದಾಗಲೇ ಖರೀದಿದಾರನಿಗೆ ಹೋಗಿರುತ್ತದೆ. ಇನ್ನು ಡಿಡಿಪಿ ಅಂದರೆ ಆ ದೇಶದ ಸುಂಕವೂ ನಿಮ್ಮ ತಲೆಗೆ. ಆ ದೇಶದಲ್ಲಿ ನಿಮ್ಮವರು ಯಾರೂ ಇಲ್ಲದಿದ್ದರೆ ಒಪ್ಪಬೇಡಿ.

ಎಲ್‌ಸಿ ಬಂದಿದೆ ಅಂದ್ರೆ ದುಡ್ಡು ಬಂದಂಗೇ ಅಲ್ವಾ?

ಅಲ್ಲ. ಈ ನಂಬಿಕೆಯಿಂದ ಕೈ ಸುಟ್ಟುಕೊಂಡವರನ್ನು ನಾನು ಬಹಳ ಜನ ನೋಡಿದ್ದೇನೆ.

ಎಲ್‌ಸಿ ಅಂದರೆ ಖರೀದಿದಾರನ ಬ್ಯಾಂಕ್ ಕೊಡುವ ಮಾತು. ಆ ಮಾತು ಮಾಲಿನ ಬಗ್ಗೆ ಅಲ್ಲ, ಕಾಗದದ ಬಗ್ಗೆ. ಹೇಳಿದ ಕಾಗದ, ಹೇಳಿದ ಹಾಗೆ, ಹೇಳಿದ ದಿನದೊಳಗೆ ಬಂದರೆ ದುಡ್ಡು. ಬ್ಯಾಂಕಿನವರು ಮೂಟೆ ಬಿಚ್ಚಿ ನೋಡುವುದಿಲ್ಲ. ಎಲ್‌ಸಿ ವಿಷಯದಲ್ಲಿ ಬ್ಯಾಂಕುಗಳು ಪಾಲಿಸುವ ಯುಸಿಪಿ 600 ಅನ್ನುವ ನಿಯಮಗಳು 2007ರಿಂದ ಜಾರಿಯಲ್ಲಿವೆ. ಅದರ ಪ್ರಕಾರ ಕಾಗದ ಪರಿಶೀಲಿಸಲು ಬ್ಯಾಂಕಿಗೆ 5 ಕೆಲಸದ ದಿನ ಇದೆ. ಎಲ್‌ಸಿಯಲ್ಲಿ ಬೇರೆ ಹೇಳದಿದ್ದರೆ, ಮಾಲು ಹಡಗು ಹತ್ತಿದ 21 ದಿನದೊಳಗೆ ನೀವು ಕಾಗದ ಕೊಡಬೇಕು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಾಫಿ ಕನ್‌ಸೈನ್‌ಮೆಂಟ್ ಹೋಯಿತು. ಮಾಲು ಚೆನ್ನಾಗಿತ್ತು. ಎಲ್‌ಸಿಯ ಕೊನೆಯ ಶಿಪ್‌ಮೆಂಟ್ ತಾರೀಖು ದಾಟಿ ಹಡಗು ಎರಡು ದಿನ ತಡವಾಗಿ ಹೊರಟಿತ್ತು. ಬಿಲ್ ಆಫ್ ಲೇಡಿಂಗ್‌ನಲ್ಲಿ, ಅಂದರೆ ಹಡಗು ಕಂಪನಿ ಮಾಲಿಗೆ ಕೊಡುವ ರಸೀದಿಯಲ್ಲಿ, ಆ ತಡವಾದ ತಾರೀಖೇ ಬಿತ್ತು. ಹಡಗು ತಡ ಅಂತ ಗೊತ್ತಾದ ದಿನವೇ ನಾವು ತಿದ್ದುಪಡಿ ಕೇಳಬೇಕಿತ್ತು, ಕೇಳಲಿಲ್ಲ. ಅಷ್ಟರಲ್ಲಿ ಮಾರುಕಟ್ಟೆ ಬೆಲೆ ಇಳಿದಿತ್ತು. ಖರೀದಿದಾರ ಆ ವ್ಯತ್ಯಾಸ ಹಿಡಿದುಕೊಂಡು ಬೆಲೆ ಕಡಿಮೆ ಮಾಡಿಸಿದ. ಬೆಲೆ ಏರಿದ್ದರೆ ಅದೇ ತಪ್ಪನ್ನು ಅವನು ನೋಡುತ್ತಲೂ ಇರಲಿಲ್ಲ.

ಹಾಗಾಗಿ ಎಲ್‌ಸಿ ಕೈಗೆ ಬಂದ ದಿನವೇ ಪೆನ್ನು ಹಿಡಿದು ಕೂತು ಓದಿ. ಪ್ರತಿ ಸಾಲಿಗೂ ಕೇಳಿಕೊಳ್ಳಿ: ಈ ಕಾಗದ ನಮಗೆ ಸಿಗುತ್ತದಾ? ಈ ದಿನದೊಳಗೆ ಆಗುತ್ತದಾ? "ಖರೀದಿದಾರನ ಪ್ರತಿನಿಧಿ ಸಹಿ ಮಾಡಿದ ತಪಾಸಣಾ ಪತ್ರ" ಅಂತ ಇದ್ದರೆ, ದುಡ್ಡಿನ ಬೀಗದ ಕೈ ಖರೀದಿದಾರನ ಹತ್ತಿರವೇ ಇದೆ ಅಂತ ಅರ್ಥ. ಮಾಲು ಕಳಿಸುವ ಮುಂಚೆ ಅದನ್ನು ತೆಗೆಸಿ. ಕಳಿಸಿದ ಮೇಲೆ ಯಾರೂ ತಿದ್ದಿಕೊಡುವುದಿಲ್ಲ.

ಎಲ್‌ಸಿ ಇಲ್ಲದೆ ಕಳಿಸಿದೀವಿ, ಈಗ ಅವನು ದುಡ್ಡು ಕೊಡ್ತಿಲ್ಲ. ಏನು ಮಾಡೋದು?

ಮೊದಲು ನೋಡಬೇಕಾದ್ದು, ಮಾಲು ಬಿಡಿಸಿಕೊಳ್ಳಲು ಬೇಕಾದ ಮೂಲ ಬಿಲ್ ಆಫ್ ಲೇಡಿಂಗ್ ಎಲ್ಲಿದೆ ಅಂತ. ಅದು ಬ್ಯಾಂಕಿನ ಮೂಲಕ, ದುಡ್ಡು ಕಟ್ಟಿದರೆ ಮಾತ್ರ ಕಾಗದ ಅನ್ನುವ ಷರತ್ತಿನಲ್ಲಿ ಹೋಗಿದ್ದರೆ ಮಾಲು ಇನ್ನೂ ನಿಮ್ಮ ಹಿಡಿತದಲ್ಲಿದೆ. ಅಲ್ಲೇ ಬೇರೆ ಗಿರಾಕಿ ಹುಡುಕಬಹುದು ಅಥವಾ ವಾಪಸ್ ತರಿಸಬಹುದು. ಬಂದರಿನ ಬಾಡಿಗೆ ಏರುತ್ತಿರುತ್ತದೆ, ಬೇಗ ತೀರ್ಮಾನ ಮಾಡಿ. ಕಾಗದ ನೇರವಾಗಿ ಖರೀದಿದಾರನಿಗೇ ಕೊರಿಯರ್ ಮಾಡಿದ್ದರೆ, ಉಳಿದಿರುವುದು ಮಾತುಕತೆ ಮತ್ತು ವಕೀಲರು ಅಷ್ಟೇ.

ಇಂಥ ಹೊತ್ತಿಗೇ 1957ರಲ್ಲಿ ಶುರುವಾದ ಇಸಿಜಿಸಿ ಅನ್ನುವ ಸರ್ಕಾರಿ ಸಂಸ್ಥೆ ಇದೆ. ಖರೀದಿದಾರ ದಿವಾಳಿಯಾದರೆ, ಹಣ ಕೊಡದೇ ಹೋದರೆ, ಆ ದೇಶದಲ್ಲಿ ಯುದ್ಧವೋ ವಿದೇಶಿ ಹಣದ ನಿರ್ಬಂಧವೋ ಬಂದರೆ, ನಷ್ಟದ ಬಹುಪಾಲು ಕಟ್ಟಿಕೊಡುತ್ತದೆ. ಪಾಲಿಸಿ ಮಾಲು ಕಳಿಸುವ ಮುಂಚೆಯೇ ಇರಬೇಕು. "ಮಾಲು ಸರಿ ಇಲ್ಲ" ಅಂತ ಖರೀದಿದಾರ ತಕರಾರು ತೆಗೆದರೆ ಪರಿಹಾರ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೇ ಕಳಿಸುವ ಮಾಲಿನ ಮಾದರಿಯನ್ನು ಸೀಲ್ ಮಾಡಿ ಇಟ್ಟುಕೊಳ್ಳಿ.

ರಫ್ತಿನ ಹಣ ಭಾರತಕ್ಕೆ ತರಲು ರಿಸರ್ವ್ ಬ್ಯಾಂಕ್ ಗಡುವೂ ಇದೆ. ಬಹಳ ಕಾಲ 9 ತಿಂಗಳಿತ್ತು. 2025ರ ನವೆಂಬರ್‌ನಲ್ಲಿ 15 ತಿಂಗಳಿಗೆ ಏರಿಸಿದರು. ಗಡುವು ದಾಟುವ ಹಾಗಿದ್ದರೆ ಸುಮ್ನೆ ಕೂರಬೇಡಿ, ಮೊದಲೇ ಬ್ಯಾಂಕಿಗೆ ಬರೆದುಕೊಡಿ.

ಡಾಲರ್ ಏರೋದು ಇಳಿಯೋದು ನೋಡಿ ನಿದ್ದೆ ಬರ್ತಿಲ್ಲ.

ಬ್ಯಾಂಕಿನಲ್ಲಿ ಫಾರ್ವರ್ಡ್ ಕಾಂಟ್ರಾಕ್ಟ್ ಮಾಡಿಸಿ. ಮುಂದೆ ಬರುವ ಡಾಲರಿಗೆ ಇವತ್ತೇ ರೇಟು ಕಟ್ಟುತ್ತಾರೆ. ಏರಿದಾಗ ಸಿಗಬಹುದಾದ ಲಾಭ ಕೈಬಿಡಬೇಕಾಗುತ್ತದೆ, ನಿಜ. ನಿಮ್ಮ ಕೆಲಸ ಮಾಲು ಮಾರುವುದು. ಡಾಲರ್ ಮೇಲೆ ಬಾಜಿ ಕಟ್ಟುವುದಲ್ಲ.

## ಮಾಲಿನ ಗುಣಮಟ್ಟ, ಪ್ಯಾಕಿಂಗ್, ದಾರಿ

ನಮ್ಮ ಬ್ಯಾಡಗಿ ಮೆಣಸಿನಕಾಯಿ ಇಲ್ಲಿ ಎಲ್ಲರೂ ತಿಂತಾರೆ. ಯುರೋಪಿನವರು ಯಾಕೆ ವಾಪಸ್ ಕಳಿಸ್ತಾರೆ?

ಬಣ್ಣಕ್ಕೆ ಬ್ಯಾಡಗಿಯನ್ನು ಮೀರಿಸುವ ಕಾಯಿ ಇಲ್ಲ ಅಂತ ನಾನೂ ನಂಬುತ್ತೇನೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ತೊಂದರೆ ಬರುವುದು ಕಣ್ಣಿಗೆ ಕಾಣದ ಕಡೆಯಿಂದ.

ಮೊದಲನೆಯದು ಅಫ್ಲಾಟಾಕ್ಸಿನ್. ಕಾಯಿ ಸರಿಯಾಗಿ ಒಣಗದೆ ಬೂಷ್ಟು ಹಿಡಿದಾಗ ಹುಟ್ಟುವ ವಿಷ. ಒಣ ಮೆಣಸಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಬಿ1 ಒಂದು ಕಿಲೋಗೆ 5 ಮೈಕ್ರೊಗ್ರಾಂ, ಎಲ್ಲ ಬಗೆಯದೂ ಸೇರಿ 10 ಮೈಕ್ರೊಗ್ರಾಂ ದಾಟಬಾರದು ಅನ್ನುವುದು ಯುರೋಪಿನ ನಿಯಮ. 5 ಮೈಕ್ರೊಗ್ರಾಂ ಅಂದರೆ ಸಾವಿರ ಟನ್ ಕಾಯಿಗೆ 5 ಗ್ರಾಂ. ಕಣದಲ್ಲಿ ಹರಡಿದ ಕಾಯಿಗೆ ರಾತ್ರಿ ಇಬ್ಬನಿ ಬಿದ್ದರೂ ಸಾಕು. ಟಾರ್ಪಾಲ್ ಮೇಲೆ ಒಣಗಿಸಿ, ಸಂಜೆ ಮುಚ್ಚಿ, ತೇವ ಅಳೆದು, ಕೋಲ್ಡ್ ಸ್ಟೋರೇಜಿಗೆ ಹಾಕುವ ರೈತನ ಕಾಯಿಗೆ ಎರಡು ರೂಪಾಯಿ ಜಾಸ್ತಿ ಕೊಟ್ಟು ಕೊಳ್ಳಿ. ವಾಪಸ್ ಬಂದ ಕಂಟೇನರಿನ ಮುಂದೆ ಆ ಎರಡು ರೂಪಾಯಿ ಏನೂ ಅಲ್ಲ.

ಎರಡನೆಯದು ಕೀಟನಾಶಕದ ಉಳಿಕೆ. ಯಾವ ಔಷಧಿಗೆ ಪ್ರತ್ಯೇಕ ಮಿತಿ ಇಟ್ಟಿಲ್ಲವೋ ಅದಕ್ಕೆ ಯುರೋಪಿನಲ್ಲಿ ಕಿಲೋಗೆ 0.01 ಮಿಲಿಗ್ರಾಂ ಅನ್ನುವ ಮಿತಿ ತಾನಾಗಿಯೇ ಬೀಳುತ್ತದೆ. ಹೊಲದಲ್ಲಿ ಏನು ಹೊಡೆದರು ಅನ್ನುವ ಲೆಕ್ಕ ಇಲ್ಲದಿದ್ದರೆ ಲ್ಯಾಬ್ ಏನನ್ನು ಹುಡುಕಬೇಕು ಅನ್ನುವುದೂ ಗೊತ್ತಾಗುವುದಿಲ್ಲ.

ಮೂರನೆಯದು ಎಥಿಲೀನ್ ಆಕ್ಸೈಡ್. ಕ್ರಿಮಿ ಕೊಲ್ಲಲು ಬಳಸುವ ಅನಿಲ. 2020ರಲ್ಲಿ ಭಾರತದ ಎಳ್ಳಿನಲ್ಲಿ ಇದರ ಉಳಿಕೆ ಸಿಕ್ಕಿ ಯುರೋಪಿನಲ್ಲಿ ದೊಡ್ಡ ಗಲಾಟೆಯಾಯಿತು. 2024ರ ಏಪ್ರಿಲ್‌ನಲ್ಲಿ ಸಿಂಗಪುರ, ಹಾಂಗ್‌ಕಾಂಗ್‌ಗಳಲ್ಲಿ ಭಾರತದ ಕೆಲವು ಮಸಾಲೆ ಪುಡಿಗಳ ವಿಷಯದಲ್ಲೂ ಅದೇ ಆಯಿತು. ಒಂದು ದೇಶ ಒಪ್ಪುವುದನ್ನು ಇನ್ನೊಂದು ಒಪ್ಪುವುದಿಲ್ಲ. ಅದಕ್ಕೇ "ಲ್ಯಾಬ್ ಪಾಸ್" ಅನ್ನುವ ಮಾತು ಅರ್ಧ ಮಾತು. ಯಾವ ದೇಶದ ಮಿತಿಗೆ ಪಾಸ್ ಅಂತ ಕೇಳಿ.

ಚನ್ನಪಟ್ಟಣದ ಗೊಂಬೆ ಮರದ್ದು, ಅರಗಿನ ಬಣ್ಣ. ಅದಕ್ಕೂ ಟೆಸ್ಟ್ ಬೇಕಾ?

ಬೇಕು. ಮಕ್ಕಳು ಬಾಯಿಗೆ ಇಡುವ ವಸ್ತು ಅಲ್ವಾ. ಯುರೋಪಿಗೆ ಇಎನ್ 71, ಅಮೆರಿಕಕ್ಕೆ ಎಎಸ್‌ಟಿಎಂ ಎಫ್ 963 ಅನ್ನುವ ಮಾನದಂಡಗಳಿವೆ. ಬಣ್ಣದಲ್ಲಿ ಸೀಸದಂಥ ಲೋಹ ಇದೆಯಾ, ಚಿಕ್ಕ ಭಾಗ ಕಿತ್ತು ಬಂದು ಗಂಟಲಿಗೆ ಸಿಕ್ಕಿಕೊಳ್ಳುತ್ತದಾ ಅಂತ ನೋಡುತ್ತಾರೆ. ಕುಶಲಕರ್ಮಿ ಒಂದೇ ಒಂದು ಬ್ಯಾಚಿಗೆ ಅಂಗಡಿಯ ಅಗ್ಗದ ಬಣ್ಣ ಬಳಸಿದರೂ ಹಳೆಯ ಟೆಸ್ಟ್ ರಿಪೋರ್ಟಿಗೆ ಬೆಲೆ ಇಲ್ಲ.

ಗೊಂಬೆ ಪಾಸಾದರೂ ಅದನ್ನು ಇಟ್ಟ ಮರದ ಪೆಟ್ಟಿಗೆ ಫೇಲಾಗಬಹುದು. ಸಂಸ್ಕರಿಸದ ಮರದ ಪೆಟ್ಟಿಗೆ, ಪ್ಯಾಲೆಟ್‌ಗಳಲ್ಲಿ ಹುಳು ದೇಶ ದಾಟುತ್ತದೆ ಅಂತ ಐಎಸ್‌ಪಿಎಂ 15 ಅನ್ನುವ ನಿಯಮ ಇದೆ. ಮರದ ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್ ಶಾಖ 30 ನಿಮಿಷ ತಗುಲಬೇಕು, ಇಲ್ಲವೇ ಒಪ್ಪಿತ ರೀತಿಯ ಧೂಮೀಕರಣ ಆಗಬೇಕು. ಆಮೇಲೆ ಮುದ್ರೆ ಬೀಳಬೇಕು. ಮುದ್ರೆ ಇಲ್ಲದ ಒಂದು ಪ್ಯಾಲೆಟ್ ಸಾಕು, ಇಡೀ ಕಂಟೇನರ್ ನಿಲ್ಲಲು. ಪ್ಲೈವುಡ್ ಪೆಟ್ಟಿಗೆಗೆ ಈ ನಿಯಮ ಇಲ್ಲ.

ಕಾಫಿ ಒಣಗಿಸಿಯೇ ಕಳಿಸಿದ್ವಿ. ಅಲ್ಲಿ ತೆಗೆದಾಗ ಮೂಟೆ ಒದ್ದೆ, ಬೂಷ್ಟು. ಹೇಗೆ?

ಕಂಟೇನರ್ ಬೆವರುತ್ತದೆ. ಮಂಗಳೂರಿನ ಸೆಕೆಯಲ್ಲಿ ತುಂಬಿದ ಪೆಟ್ಟಿಗೆ ಚಳಿಯ ಸಮುದ್ರಕ್ಕೆ ಹೋದಾಗ ಒಳಗಿನ ತೇವ ತಗಡಿನ ಸೂರಿಗೆ ಹನಿಯಾಗಿ ಕಟ್ಟಿ ಮೂಟೆಯ ಮೇಲೆ ಬೀಳುತ್ತದೆ. ಬೀಜದ ತೇವಾಂಶ 12.5% ಮೀರದಂತೆ ನೋಡಿಕೊಳ್ಳಿ. ಒಳಗೋಡೆಗೆ ಕ್ರಾಫ್ಟ್ ಕಾಗದ ಹೊದಿಸಿ, ತೇವ ಹೀರುವ ಚೀಲಗಳನ್ನು ನೇತು ಹಾಕಿ. ತುಂಬುವ ಮುಂಚೆ ಖಾಲಿ ಕಂಟೇನರ್ ಒಳಗೆ ಒಬ್ಬರು ನಿಂತು ಬಾಗಿಲು ಮುಚ್ಚಿಸಿ. ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಅಲ್ಲಿ ತೂತು ಇದೆ. ನಾನೂ ಹಾಗೆ ನಿಂತಿದ್ದೇನೆ. ಎರಡು ನಿಮಿಷದ ಕೆಲಸ.

ದಾರಿ ಉದ್ದವಾದಷ್ಟೂ ಬೆವರು ಜಾಸ್ತಿ. 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಯೆಮೆನ್‌ನ ಹೌತಿ ಬಂಡುಕೋರರ ದಾಳಿ ಶುರುವಾಯಿತು. ಯುರೋಪಿಗೆ ಹೋಗುವ ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಹೋಗತೊಡಗಿದವು. ಹತ್ತು ಹದಿನೈದು ದಿನ ಹೆಚ್ಚಾಯಿತು, ಬಾಡಿಗೆಯೂ ಏರಿತು. ಈಗ ಒಪ್ಪಂದ ಮಾಡುವವರು ತಲುಪುವ ದಿನಕ್ಕೆ ಸಡಿಲ ಬಿಟ್ಟು ಬರೆಯಿರಿ. ಬಾಡಿಗೆ ಇಷ್ಟಕ್ಕಿಂತ ಏರಿದರೆ ಯಾರು ಕೊಡಬೇಕು ಅನ್ನುವುದನ್ನೂ ಬರೆಯಿರಿ.

## ಆಮದು ಮಾಡುವವರು ಕೇಳುವುದು

ಸುಂಕ 7.5% ಅಂದ್ರು. ಕಟ್ಟೋವಾಗ 27% ಮೇಲೆ ಬಂತು. ಮೋಸ ಆಯ್ತಾ?

ಇಲ್ಲ, ಅದು ಮೂಲ ಸುಂಕ ಮಾತ್ರ. 10 ಲಕ್ಷ ರೂಪಾಯಿ ಸಿಐಎಫ್ ಮೌಲ್ಯದ ಯಂತ್ರ ಅಂತ ಇಟ್ಟುಕೊಳ್ಳಿ. ಮೂಲ ಸುಂಕ 75,000. ಅದರ 10% ಸಮಾಜ ಕಲ್ಯಾಣ ಸರ್ಚಾರ್ಜ್, 7,500. ಈಗ ಒಟ್ಟು 10,82,500. ಇದರ ಮೇಲೆ 18% ಐಜಿಎಸ್‌ಟಿ, 1,94,850. ಎಲ್ಲ ಸೇರಿ 2,77,350 ರೂಪಾಯಿ. ಐಜಿಎಸ್‌ಟಿ ಭಾಗ ಇನ್‌ಪುಟ್ ಕ್ರೆಡಿಟ್ ಆಗಿ ನಿಮಗೆ ಸಿಗಬಹುದು. ಆದರೆ ಅವತ್ತು ಕೈಯಿಂದ ಹೋಗುವುದು ಪೂರ್ತಿ ದುಡ್ಡು. ಆ ಹಣ ಹೊಂದಿಸಿಕೊಂಡೇ ಆರ್ಡರ್ ಕೊಡಿ.

ಡೆಮರೇಜ್ ಕಟ್ಟಿದ್ವಿ, ಮತ್ತೆ ಡಿಟೆನ್ಷನ್ ಅಂತಾರೆ. ಎರಡೂ ಒಂದೇ ಅಲ್ವಾ?

ಒಂದೇ ಅಲ್ಲ. ಉಚಿತ ದಿನ ಮುಗಿದ ಮೇಲೂ ಮಾಲು ಬಂದರಿನ ಜಾಗದಲ್ಲಿ ಕೂತಿದ್ದಕ್ಕೆ ಕಟ್ಟುವ ಬಾಡಿಗೆ ಡೆಮರೇಜ್. ಶಿಪ್ಪಿಂಗ್ ಕಂಪನಿಯ ಕಂಟೇನರ್ ವಾಪಸ್ ಕೊಡದೆ ಇಟ್ಟುಕೊಂಡಿದ್ದಕ್ಕೆ ಕಟ್ಟುವುದು ಡಿಟೆನ್ಷನ್. ಎರಡೂ ದಿನ ಕಳೆದಂತೆ ಏರುತ್ತವೆ. ಜೊತೆಗೆ ಬಿಲ್ ಆಫ್ ಎಂಟ್ರಿಯನ್ನು, ಅಂದರೆ ಕಸ್ಟಮ್ಸ್‌ಗೆ ಕೊಡುವ ಆಮದಿನ ವಿವರದ ಕಾಗದವನ್ನು, ಹಡಗು ಬರುವ ಹಿಂದಿನ ದಿನದೊಳಗೆ ಸಲ್ಲಿಸಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂಪಾಯಿ. ಹಡಗು ದಾರಿಯಲ್ಲಿ ಇರುವಾಗಲೇ ಕಾಗದ ತರಿಸಿಕೊಂಡು ಸಲ್ಲಿಸಿಬಿಡಿ.

ಆಟದ ಸಾಮಾನು ತರಿಸಿದ್ವಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಇಲ್ಲ ಅಂತ ತಡೆದಿದ್ದಾರೆ. ಈಗ ಮಾಡಿಸಬಹುದಾ?

ಆಗುವುದಿಲ್ಲ. 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಪರವಾನಗಿ ಪಡೆಯಬೇಕಾದ್ದು ಅಲ್ಲಿಯ ತಯಾರಕ, ಮಾಲು ಹೊರಡುವ ಮುಂಚೆ. ಈಗ ಉಳಿದಿರುವುದು ವಾಪಸ್ ಕಳಿಸುವುದು ಅಥವಾ ನಾಶ ಮಾಡಿಸುವುದು. ಬೇರೆ ಮಾಲು ತರಿಸುವವರೂ ಗುಣಮಟ್ಟ ನಿಯಂತ್ರಣ ಆದೇಶಗಳ ಪಟ್ಟಿ ನೋಡಿ ಆಮೇಲೆ ಅಡ್ವಾನ್ಸ್ ಕಳಿಸಿ.

## ಸ್ವಲ್ಪ ಮುಂದುವರಿದವರಿಗೆ

ಎಚ್‌ಎಸ್ ಕೋಡ್ ಏಜೆಂಟ್ ಹಾಕ್ತಾರೆ. ನಾವ್ಯಾಕೆ ತಲೆ ಕೆಡಿಸ್ಕೋಬೇಕು?

ಎಚ್‌ಎಸ್ ಕೋಡ್ ಅಂದರೆ ಮಾಲು ಯಾವ ಬಗೆಯದು ಅಂತ ಹೇಳುವ ನಂಬರ್. ಸುಂಕ, ನಿಷೇಧ, ರಿಯಾಯಿತಿ ಎಲ್ಲ ಆ ನಂಬರನ್ನೇ ನೋಡುತ್ತವೆ. ಮೊದಲ 6 ಅಂಕಿ ಜಗತ್ತಿಗೆಲ್ಲ ಒಂದೇ, ಭಾರತದಲ್ಲಿ 8 ಅಂಕಿ. ತಪ್ಪಾದರೆ ದಂಡ ಮೊದಲು ಬರುವುದು ನಿಮಗೆ.

ಕೋಡ್ ಎಷ್ಟು ನೋಯಿಸಬಲ್ಲದು ಅಂತ ತಿಳಿಯಬೇಕಾದರೆ ಬೆಂಗಳೂರು ಗುಲಾಬಿ ಈರುಳ್ಳಿಯ ಬೆಳೆಗಾರರನ್ನು ಕೇಳಿ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯುವ ಈ ಚಿಕ್ಕ ಈರುಳ್ಳಿಗೆ ನಮ್ಮ ಅಡುಗೆಮನೆಯಲ್ಲಿ ಬೇಡಿಕೆ ಕಡಿಮೆ. ಅದು ಹೋಗುವುದು ಮಲೇಷ್ಯಾ, ಸಿಂಗಪುರದ ಕಡೆಗೆ. ಆದರೆ ಮಾಮೂಲಿ ಈರುಳ್ಳಿಯ ಕೋಡಿಗೆ ಬಂದ ಆದೇಶಗಳು ಇದಕ್ಕೂ ತಟ್ಟಿವೆ. ಪೇಟೆಯಲ್ಲಿ ದಪ್ಪ ಈರುಳ್ಳಿ ಬೆಲೆ ಏರಿತು ಅಂತ ಸರ್ಕಾರ ರಫ್ತು ತಡೆದಾಗ ಇದೂ ನಿಲ್ಲುತ್ತದೆ. 2020ರಲ್ಲಿ ನಿಷೇಧದ ನಂತರ 10,000 ಟನ್‌ಗೆ ಬಿಡುಗಡೆ ಸಿಕ್ಕಿತು, ಅದೂ ಚೆನ್ನೈ ಬಂದರಿನಿಂದ ಮಾತ್ರ. 2023ರಲ್ಲಿ 40% ರಫ್ತು ಸುಂಕ ಬಂದಾಗಲೂ, ರಾಜ್ಯದ ತೋಟಗಾರಿಕೆ ಇಲಾಖೆಯ ಪ್ರಮಾಣಪತ್ರ ಇದ್ದರೆ ವಿನಾಯಿತಿ ಅಂತ ಪ್ರತ್ಯೇಕ ಆದೇಶ ಆಗಬೇಕಾಯಿತು. ಆದೇಶ ಬರುವಷ್ಟು ದಿನ ಈರುಳ್ಳಿ ಕಾಯುವುದಿಲ್ಲ, ಮೊಳಕೆ ಬರುತ್ತದೆ. ಈ ಬೆಳೆಯನ್ನು ಮಾಮೂಲಿ ಈರುಳ್ಳಿಯಿಂದ ಬೇರೆಯಾಗಿ ನೋಡಿ ಅನ್ನುವ ಬೇಡಿಕೆ ನ್ಯಾಯವಾದದ್ದು ಅಂತ ನನ್ನ ಅಭಿಪ್ರಾಯ.

ಸರ್ಕಾರದ ಆದೇಶಕ್ಕೆ ಸಿಗಬಹುದಾದ ಮಾಲು ನಿಮ್ಮದಾಗಿದ್ದರೆ, ಸರ್ಕಾರ ರಫ್ತು ತಡೆದರೆ ಒಪ್ಪಂದ ಏನಾಗುತ್ತದೆ ಅನ್ನುವ ಷರತ್ತನ್ನು ಮೊದಲೇ ಬರೆಸಿ.

ಅಮೆರಿಕ ಸುಂಕ ಹಾಕಿದ್ರೆ ಕಟ್ಟೋದು ಅಲ್ಲಿಯವರು ತಾನೇ? ನಮಗೇನು?

ಕಾಗದದ ಮೇಲೆ ಕಟ್ಟುವುದು ಅಲ್ಲಿಯ ಆಮದುದಾರ. ಆದರೆ ಅವನು ಮರುದಿನವೇ ಫೋನ್ ಮಾಡಿ ಬೆಲೆ ಇಳಿಸಿ ಅನ್ನುತ್ತಾನೆ. 2025ರ ಆಗಸ್ಟ್‌ನಲ್ಲಿ ಭಾರತದ ಬಹಳಷ್ಟು ಸರಕಿಗೆ ಮೊದಲು 25%, ಅದೇ ತಿಂಗಳ 27ರಿಂದ ಒಟ್ಟು 50% ಆಯಿತು. ನವೆಂಬರ್‌ನಲ್ಲಿ ಕಾಫಿ, ಟೀಯಂಥ ಕೆಲವನ್ನು ಹೊರಗಿಟ್ಟರು. ಮಾಲು ಸಮುದ್ರದಲ್ಲಿ ಇರುವಾಗಲೇ ಲೆಕ್ಕ ಬದಲಾದವರಿದ್ದಾರೆ. ಸುಂಕ ಬದಲಾದರೆ ಯಾರು ಎಷ್ಟು ಹೊರಬೇಕು ಅಂತ ಆರ್ಡರಿನಲ್ಲೇ ಬರೆಸಿ. ಒಂದೇ ದೇಶವನ್ನು ನೆಚ್ಚಿಕೊಂಡಿದ್ದರೆ ಇನ್ನೊಂದನ್ನು ಹುಡುಕಿ. ಯುಎಇ ಜೊತೆಗಿನ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ, ಆಸ್ಟ್ರೇಲಿಯಾದ್ದು ಅದೇ ವರ್ಷದ ಡಿಸೆಂಬರ್ 29ರಿಂದ ಜಾರಿಯಲ್ಲಿದೆ. ಅಲ್ಲಿ ಸುಂಕ ರಿಯಾಯಿತಿ ಸಿಗಬೇಕಾದರೆ ಮೂಲದ ಪ್ರಮಾಣಪತ್ರ ಬೇಕು.

ಕೊಡಗಲ್ಲಿ ನಾಲ್ಕು ಎಕರೆ ತೋಟ. ಯುರೋಪಿನ ಕಾಡಿನ ಕಾನೂನು ಅಂತಾರೆ. ನನಗೂ ತಟ್ಟುತ್ತಾ?

ತಟ್ಟುತ್ತದೆ, ನೇರವಾಗಿ ಅಲ್ಲದಿದ್ದರೂ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್ ಮುಂತಾದವನ್ನು ಯುರೋಪು ಕೊಳ್ಳುವುದಿಲ್ಲ ಅನ್ನುವುದು ಈ ಕಾನೂನಿನ ತಿರುಳು. 2023ರಲ್ಲಿ ಬಂತು, ಜಾರಿ ಎರಡು ಸಲ ಮುಂದಕ್ಕೆ ಹೋಯಿತು. ದೊಡ್ಡ ಕಂಪನಿಗಳಿಗೆ ಈಗಿನ ದಿನಾಂಕ 2026ರ ಡಿಸೆಂಬರ್ 30. ನಮ್ಮ ಕಾಫಿಯನ್ನು ಹೆಚ್ಚು ಕೊಳ್ಳುವುದು ಇಟಲಿ, ಹಾಗಾಗಿ ಇದನ್ನು ದೂರದ ಮಾತು ಅಂದುಕೊಳ್ಳುವ ಹಾಗಿಲ್ಲ.

ಕೊಳ್ಳುವ ಕಂಪನಿ ಪ್ರತಿ ಮೂಟೆ ಯಾವ ತೋಟದ್ದು ಅಂತ ತೋರಿಸಬೇಕು. 4 ಹೆಕ್ಟೇರಿಗಿಂತ ಚಿಕ್ಕ ಜಾಗಕ್ಕೆ ನಕ್ಷೆಯ ಮೇಲೆ ಒಂದು ಬಿಂದು ಸಾಕು, ದೊಡ್ಡದಕ್ಕೆ ಸುತ್ತಳತೆಯ ಗಡಿ ಬೇಕು. ನಿಮ್ಮದು ನಾಲ್ಕು ಎಕರೆ, ಅಂದರೆ ಎರಡು ಹೆಕ್ಟೇರಿಗೂ ಕಡಿಮೆ. ಒಂದು ಬಿಂದು ಸಾಕು.

ನಮ್ಮ ಕಾಫಿ ಮರದ ನೆರಳಿನಲ್ಲೇ ಬೆಳೆಯುತ್ತದೆ. ಹಲಸು, ಅತ್ತಿ, ಸಿಲ್ವರ್ ಓಕ್ ಕೆಳಗಿನ ತೋಟ ಉಪಗ್ರಹ ಚಿತ್ರದಲ್ಲಿ ಕಾಡಿನ ಹಾಗೇ ಕಾಣುತ್ತದೆ. ನೆರಳು ಮರದ ಕೊಂಬೆ ಕಪಾತು ಮಾಡಿದ ವರ್ಷ ಅದು ಕಾಡು ಕಡಿದ ಹಾಗೆ ಕಂಡರೆ ಏನು ಅನ್ನುವ ಆತಂಕ ಬೆಳೆಗಾರರಲ್ಲಿದೆ. ಆ ಆತಂಕ ಸುಳ್ಳಲ್ಲ. ಅದಕ್ಕೆ ನಿಮ್ಮ ಕೈಯಲ್ಲಿರುವ ಉತ್ತರ ಹಳೆಯ ದಾಖಲೆ. ಆರ್‌ಟಿಸಿ, ಸರ್ವೆ ನಕ್ಷೆ, ಕಾಫಿ ಬೋರ್ಡ್ ನೋಂದಣಿ, ಹಿಂದಿನ ವರ್ಷಗಳ ಮಾರಾಟದ ಚೀಟಿ, ತೋಟದ ಹಳೆಯ ಫೋಟೋ, ಎಲ್ಲವನ್ನೂ ಒಂದು ಫೈಲಿಗೆ ಸೇರಿಸಿ. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಕೊಡುವಾಗ ನಿಮ್ಮ ಮೂಟೆ ಬೇರೆಯವರದರ ಜೊತೆ ಕಲೆತರೆ ಯಾವ ಗುರುತು ಇಡುತ್ತಾರೆ ಅಂತ ಕೇಳಿ. ಪಕ್ಕದ ತೋಟದವರ ಹತ್ತಿರ ಆರ್‌ಟಿಸಿ ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ, ಅವರಿಗೂ ಇವತ್ತೇ ಹೇಳಿ. ಖಾತೆ ಬದಲಾವಣೆಗೆ ಕಾಫಿ ಹಣ್ಣಾಗುವುದಕ್ಕಿಂತ ಜಾಸ್ತಿ ದಿನ ಬೇಕಾಗುತ್ತದೆ.